ಕುಂಬಳಕಾಯಿ ಎಂದರೆ ಏನು

ಆಂಟ್‌ವರ್ಪಿನ ಪೊಲೀಸ್ ಕಟ್ಟಡ, ನಾಲ್ಕನೇ ಮಹಡಿ,
ಕಿಟಕಿಯಿಲ್ಲದ ಕೋಣೆ.
ಕಿವಿಗೆರಡು ಕಪ್ಪು ಬಟ್ಟಲು ಕವುಚಿಕೊಂಡು
ಗಂಟೆಯ ಲೆಕ್ಕದ ಕೂಲಿ ನನ್ನದು:
ರಿಫ್ ಬೆಟ್ಟದ ಮಾತನ್ನು ಡಚ್ಚಿಗೆ ಇಳಿಸುವುದು.
ಅವ್ವ ನನ್ನನ್ನು ಬೈದು ಬೆಳೆಸಿದ ಭಾಷೆ.
ಇದೇ ಊರಿನ ಶಾಲೆಯಲ್ಲಿ ಆಡಿದ್ದಕ್ಕೆ
ಮೂಲೆಯಲ್ಲಿ ನಿಲ್ಲಿಸಿದ್ದರು.
ಈಗ ಅದಕ್ಕೇ ಸಂಬಳ.

ಲೈನು ಹದಿನೇಳು: ತ್ಲೈತ್ಮಾಸ್, ಅರವತ್ತೆಂಟು, ವಿಧವೆ.
ತಪ್ಪು ಅವಳದಲ್ಲ.
ತಂಗಿಯ ಮಗನೊಬ್ಬ ಎರಡು ವರ್ಷದ ಹಿಂದೆ
ಗಡಿ ದಾಟಿ ಹೋದವನು
ಎಂದಾದರೂ ದೊಡ್ಡಮ್ಮನಿಗೆ ಫೋನು ಮಾಡಿಯಾನು ಎಂದು
ಮೂರು ತಿಂಗಳಿಗೊಮ್ಮೆ ಒಂದು ಸಹಿ.

ಅವನು ಮಾಡಲಿಲ್ಲ.
ಮಾಡಿದವರು: ಮಂಡಿನೋವಿನ ಡಾಕ್ಟರು, ಬಾಡಿಗೆಯ ಆಫೀಸು,
ನಾದೋರಿನಿಂದ ಅಕ್ಕ. ಇವಳು ಮಾಡಿದ್ದು ಮಗನಿಗೆ:
"ನಾಳೆ ಶುಕ್ರವಾರ, ಕುಂಬಳಕಾಯಿ ತಾ.
ದೊಡ್ಡದು. ಹೋದ ಸಲದ ಹಾಗೆ ಮೋಸ ಹೋಗಬೇಡ."

ಲೀವನ್ ಕೆಂಪು ಪೆನ್ನಿನಿಂದ ಸುತ್ತು ಹಾಕಿದ.
ಕುಂಬಳಕಾಯಿ ಎಂದರೆ ಏನು?
ಕುಂಬಳಕಾಯಿ, ಎಂದೆ.
ಅದು ಗೊತ್ತು. ಎಂದರೆ ಏನು?
ಕೂಸ್‌ಕೂಸಿಗೆ ಏಳು ತರಕಾರಿ ಬೇಕು,
ಕ್ಯಾರೆಟ್, ಟರ್ನಿಪ್, ಎಲೆಕೋಸು...
ಏಳನ್ನೂ ಬರೆದುಕೊಂಡ.
'ದೊಡ್ಡದು' ಎಂಬುದರ ಕೆಳಗೆ ಗೆರೆ ಎಳೆದ.

ನಗಬೇಡಿ. ನಾನೂ ನಗಲಿಲ್ಲ.
ಲೀವನ್ ಕೆಟ್ಟವನಲ್ಲ.
ಆ ಬೆಳಗ್ಗೆ ಮೆಟ್ರೋ ನಿಲ್ದಾಣಕ್ಕೆ
ಮೊದಲು ಇಳಿದವರಲ್ಲಿ ಅವನೊಬ್ಬ.
ಹೊಗೆಯೊಳಗೆ ಫೋನುಗಳು ಬಡಿದುಕೊಳ್ಳುತ್ತಿದ್ದವಂತೆ
ಜೇಬು ಜೇಬಿನಲ್ಲಿ, ಎತ್ತುವ ಕೈಯಿಲ್ಲದೆ.
ಒಂದರ ಪರದೆಯಲ್ಲಿ 'ಅಮ್ಮ' ಎಂದಿತ್ತು.
ಇಷ್ಟು ಹೇಳುವಾಗ ಕಾಫಿಯ ಲೋಟವನ್ನು
ತಿರುಗಿಸುತ್ತಲೇ ಇರುತ್ತಾನೆ.

ಹೋದ ಚಳಿಗಾಲ, ಲೈನು ಒಂಬತ್ತರಲ್ಲಿ,
ಮದುವೆಯ ಮಾತಿನ ನಡುವೆ ಒಬ್ಬ ಮೊಳೆಯ ತೂಕ ಕೇಳಿದ.
ಮದುವೆಗೆ ಎಷ್ಟು ಕಿಲೋ ಮೊಳೆ ಬೇಕು?
ನಾನೇ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಕೇಳಿ
ಬರೆದುಕೊಟ್ಟೆ.
ಗ್ಯಾರೇಜಿನ ಬಾಗಿಲು ಒಡೆದರು. ಮೊಳೆ ಸಿಕ್ಕವು.
ಯಾವ ನಿಲ್ದಾಣಕ್ಕೆ, ಯಾರ ಮಕ್ಕಳಿಗೆ, ತಿಳಿಯದು.
ಉಳಿದುಕೊಂಡವರಿಗೂ ತಿಳಿಯದು,
ರೈಲು ತಡವೆಂದು ಗೊಣಗುತ್ತ ಕೆಲಸಕ್ಕೆ ಹೋದರು.
ಆ ರಾತ್ರಿ ಒಳ್ಳೆಯ ನಿದ್ದೆ ಬಂತು.
ಅದನ್ನೂ ಹೇಳಬೇಕು.

ಆದರೆ ತ್ಲೈತ್ಮಾಸ್‌ಗೆ ಹೇಗೋ ಗೊತ್ತಾಗಿದೆ.
ತಂಗಿಯ ಮಗನ ಹೆಸರು ಬರಬೇಕಾದಲ್ಲಿ
ಈಗೀಗ ಕೆಮ್ಮುತ್ತಾಳೆ.
ಕುಂಬಳಕಾಯಿಗೆ 'ಅದು' ಎನ್ನುತ್ತಾಳೆ.
ಅಳು ಬಂದರೆ ಅಡುಗೆಮನೆಯ ನಲ್ಲಿ ತಿರುಗಿಸಿ ಅಳುತ್ತಾಳೆ
(ನೀರಿನ ಸದ್ದು, ನಾಲ್ಕು ನಿಮಿಷ, ಎಂದು ನಾನು ಬರೆಯುತ್ತೇನೆ).
ಮೊನ್ನೆ, ಅತ್ತ ಅಕ್ಕ ಬಾಗಿಲು ತೆಗೆಯಲು ಹೋದಾಗ,
ಸ್ವಲ್ಪ ಹೊತ್ತು ಬರೀ ಉಸಿರು.
ಆಮೇಲೆ ನೇರ ನನ್ನ ಕಿವಿಗೆ:
"ಕೇಳುತ್ತಾ ಕೂತವನೇ, ಊಟ ಆಯ್ತಾ?"
ಕೂತವನೇ ಎಂದಳು.
ಹೆಣ್ಣಿರಬಹುದೆಂದು, ತನ್ನ ಬೆಟ್ಟದವಳೆಂದು
ಹೊಳೆದಿರಲಿಕ್ಕಿಲ್ಲ.

ಆಡಿದ್ದೆಲ್ಲ ಬರೆಯಬೇಕೆಂಬುದು ನಿಯಮ.
ಬರೆದೆ: ತನಿಖೆಗೆ ಸಂಬಂಧವಿಲ್ಲ.

ಅದೇ ಸಂಜೆ ಟ್ರಾಮಿನಲ್ಲಿ
ಎದುರು ಸೀಟಿನ ಕೆಳಗೆ ನೀಲಿ ಚೀಲ.
ಯಾರದ್ದೂ ಅಲ್ಲ.
ಎರಡು ನಿಲ್ದಾಣ ನೋಡಿದೆ.
ಮೂರನೆಯದಕ್ಕೆ ಗುಂಡಿ ಒತ್ತಿದವಳು ನಾನೇ.
ಎಲ್ಲರೂ ಇಳಿದೆವು, ತುಂತುರಿನಲ್ಲಿ ನಿಂತೆವು.
"ಒಳ್ಳೆಯ ಕೆಲಸ ಮಾಡಿದಿರಿ" ಎಂದ ಮುದುಕನೊಬ್ಬ
ತನ್ನ ಕೊಡೆಯನ್ನು ನನ್ನತ್ತ ವಾಲಿಸಿದ.
ಹಿಂದಿನ ಟ್ರಾಮಿನಿಂದ ಒಬ್ಬ ಹುಡುಗ ಓಡಿಬಂದ,
ಹದಿನಾಲ್ಕು ಇರಬಹುದು, ನನ್ನ ತಮ್ಮನ ಗುಂಗುರು ಕೂದಲು.
ಪೊಲೀಸರನ್ನು ಕಂಡು ತಟ್ಟನೆ ನಿಂತ.

ಯಾರೂ ಇನ್ನೂ ಏನೂ ಕೇಳಿರಲಿಲ್ಲ.
ಅವನ ಕೈ ತಾನಾಗಿ ಮೇಲೆದ್ದು
ಚೀಲದ ಪಟ್ಟಿ ಇರಬೇಕಾದ ಹೆಗಲನ್ನು
ಮುಟ್ಟಿ ನೋಡಿಕೊಂಡಿತು.